ತಪ್ಪು ಮಾಡಿದವರು ಒಬ್ಬರು, ಕುರ್ಚಿ ಸಿಕ್ಕಿದ್ದು ಇನ್ನೊಬ್ಬರಿಗೆ: ರಾಜಕೀಯ ಸೀರಿಯಲ್‌ಗಳ ಧರ್ಮಸಂಕಟ

ಕಿಟಕಿ ಪಕ್ಕದವಳು

ಕಥೆಯ ತಿರುವುಗಳನ್ನೆಲ್ಲ ಹೇಳದೆ ಈ ಚರ್ಚೆ ಸಾಧ್ಯವಿಲ್ಲ. ‘ಬೋರ್ಗನ್’, ‘ವೆಸ್ಟ್ ವಿಂಗ್’ ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಡೆನ್ಮಾರ್ಕಿನ ‘ಬೋರ್ಗನ್’ ಶುರುವಾಗಿದ್ದು 2010ರಲ್ಲಿ. ಅದರ ಮೊದಲನೇ ಎಪಿಸೋಡಿನ ಬಗ್ಗೆಯೇ ನನ್ನ ತಕರಾರು. ಚುನಾವಣೆಗೆ ಕೆಲವೇ ದಿನ ಉಳಿದಿದೆ. ಪ್ರಧಾನಿ ಹೆಸೆಲ್ಬೋ ಲಂಡನ್ನಿಗೆ ಹೋದಾಗ ಹೆಂಡತಿಯ ಖರೀದಿಗೆ ಸರ್ಕಾರದ ಕಾರ್ಡಿನಿಂದ ಹಣ ಕಟ್ಟಿದ್ದಾನೆ. ಆ ರಸೀದಿ ವಿರೋಧ ಪಕ್ಷದ ನಾಯಕಿಯೊಬ್ಬಳ ಮಾಧ್ಯಮ ಸಲಹೆಗಾರ ಕ್ಯಾಸ್ಪರ್ ಕೈಗೆ ಸಿಗುತ್ತದೆ, ಅದೂ ಪ್ರಧಾನಿಯ ಸಲಹೆಗಾರ ಹೃದಯಾಘಾತವಾಗಿ ಸತ್ತುಬಿದ್ದಿರುವ ಮನೆಯಲ್ಲಿ. ಅವನು ತಂದು ತನ್ನ ನಾಯಕಿ ಬಿರ್ಗಿಟ್ಟೆ ನ್ಯೂಬೋರ್ ಮುಂದೆ ಇಡುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಇಂಥ ರಾಜಕೀಯ ನನಗೆ ಬೇಡ ಅಂತ ನಿಲ್ಲುತ್ತಾಳೆ. ಆಗ ಕ್ಯಾಸ್ಪರ್ ಅದನ್ನು ಇನ್ನೊಂದು ಪಕ್ಷದ ಲೌಗೆಸೆನ್‌ಗೆ ಕೊಟ್ಟುಬಿಡುತ್ತಾನೆ. ಲೌಗೆಸೆನ್ ಟಿವಿ ಚರ್ಚೆಯ ನಡುವೆ, ಇಡೀ ದೇಶದ ಮುಂದೆ, ಅದನ್ನು ಎತ್ತಿ ತೋರಿಸುತ್ತಾನೆ.

ಪರಿಣಾಮ? ಪ್ರಧಾನಿ ಮುಗಿದ. ಬಯಲು ಮಾಡಿದ ಲೌಗೆಸೆನ್‌ನನ್ನೂ ಜನ ಒಪ್ಪಲಿಲ್ಲ. ನಡುವೆ ಪ್ರಾಮಾಣಿಕವಾಗಿ ಮಾತಾಡಿದ ಬಿರ್ಗಿಟ್ಟೆ ಗೆದ್ದು ಪ್ರಧಾನಿಯಾದಳು. ಕ್ಯಾಸ್ಪರ್‌ನನ್ನು ಕೆಲಸದಿಂದ ತೆಗೆದಳು. ಆಮೇಲೆ ಕೆಲವೇ ಎಪಿಸೋಡಿನಲ್ಲಿ ವಾಪಸ್ ಕರೆಸಿಕೊಂಡಳು!

ನನ್ನ ಪ್ರಶ್ನೆ ಇಷ್ಟೇ. ಬಿರ್ಗಿಟ್ಟೆ ನಿಜಕ್ಕೂ ಒಳ್ಳೆಯವಳಾ? ಇಲ್ಲ, ಒಳ್ಳೆಯವಳಾಗಿ ಉಳಿಯುವ ಅನುಕೂಲವನ್ನು ಕಥೆ ಬರೆದವರು ಮಾಡಿಕೊಟ್ಟರಾ? ತಪ್ಪು ಕ್ಯಾಸ್ಪರ್ ಮಾಡಿದ, ಕೆಟ್ಟ ಹೆಸರು ಲೌಗೆಸೆನ್‌ಗೆ ಬಂತು, ಕುರ್ಚಿ ಇವಳದ್ದು. ಇದೇ ಕೈಚಳಕ ಎಷ್ಟೊಂದು ರಾಜಕೀಯ ಸೀರಿಯಲ್‌ಗಳಲ್ಲಿದೆ. ನಾಯಕ ಕಷ್ಟಪಟ್ಟು ‘ಬೇಡ’ ಅನ್ನುತ್ತಾನೆ. ಆದರೆ ಆ ಕೆಲಸ ಹೇಗೋ ಆಗಿಯೇ ಬಿಡುತ್ತದೆ. ಇದನ್ನು ಧರ್ಮಸಂಕಟ ಅನ್ನಲು ನನಗೆ ಮನಸ್ಸಿಲ್ಲ.

ಹಳೇ ಆಂಟೆನಾ

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ಮೇಡಂ. ಆದರೆ ಬಿರ್ಗಿಟ್ಟೆ ಏನೂ ಕಳೆದುಕೊಳ್ಳಲಿಲ್ಲ ಅನ್ನುವ ಹಾಗಿಲ್ಲ. ಮೊದಲ ಸೀಸನ್ ಪೂರ್ತಿ ನೋಡಿ. ಗಂಡ ಫಿಲಿಪ್ ಎಷ್ಟೋ ಕಾಲ ಮನೆ ನೋಡಿಕೊಂಡ. ಕೊನೆಗೆ ಅವನಿಗೊಂದು ದೊಡ್ಡ ಕೆಲಸ ಸಿಗುತ್ತದೆ. ಆ ಕಂಪನಿಗೂ ಸರ್ಕಾರ ಕೊಳ್ಳುವ ಯುದ್ಧವಿಮಾನಕ್ಕೂ ನಂಟಿದೆ ಅಂತ ಗೊತ್ತಾಗುತ್ತದೆ. ಬಿಡು ಅಂತ ಹೇಳಬೇಕಾದವಳು ಇವಳೇ. ಅವನಿಗೆ ಬಿಡಲು ಇಷ್ಟವಿರಲಿಲ್ಲ. ಮದುವೆಯೇ ಮುರಿಯಿತು. ಅಲ್ಲಿ ಅವಳ ಬದಲು ಬೇರೆ ಯಾರೂ ಬಂದು ಆ ಕೆಟ್ಟ ಕೆಲಸ ಮಾಡಿಕೊಡಲಿಲ್ಲ. ಗಂಡನ ಕಣ್ಣಲ್ಲಿ ಕಣ್ಣಿಟ್ಟು ತಾನೇ ಹೇಳಿದಳು.

ಕಿಟಕಿ ಪಕ್ಕದವಳು

ಅದು ಪ್ರಧಾನಿಯ ಕೆಲಸಕ್ಕೆ ಕೊಟ್ಟ ಬೆಲೆ ಆಂಟೆನಾ ಅವರೇ. ನಾನು ಕೇಳುತ್ತಿರುವುದು ಆ ರಸೀದಿಯ ಲೆಕ್ಕ. ಅದನ್ನು ಅವಳು ಯಾವತ್ತೂ ತೀರಿಸಲಿಲ್ಲ.

ಇತಿಹಾಸದ ಮೇಷ್ಟ್ರು

ಚರ್ಚೆಗೆ ಉಪಯೋಗವಾಗುವ ಒಂದು ವಿಷಯ ಹೇಳುತ್ತೇನೆ. ಮೈಕಲ್ ವಾಲ್ಜರ್ ಅಂತ ಅಮೆರಿಕದ ಚಿಂತಕರು. ರಾಜಕಾರಣಿಯ ಕೈ ಕೊಳಕಾಗುವ ಬಗ್ಗೆ 1973ರಲ್ಲಿ ಒಂದು ಪ್ರಬಂಧ ಬರೆದರು. ಅದರಲ್ಲಿ ಎರಡು ಉದಾಹರಣೆ ಬರುತ್ತವೆ. ಒಳ್ಳೆಯ ಅಭ್ಯರ್ಥಿಯೊಬ್ಬ ಗೆಲ್ಲಬೇಕಾದರೆ ಭ್ರಷ್ಟ ಸ್ಥಳೀಯ ಮುಖಂಡನ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಇನ್ನೊಬ್ಬ ನಾಯಕ, ನಗರದಲ್ಲಿ ಇಟ್ಟಿರುವ ಬಾಂಬ್ ಎಲ್ಲಿದೆ ಅಂತ ತಿಳಿಯಲು ಕೈದಿಗೆ ಚಿತ್ರಹಿಂಸೆ ಕೊಡಲು ಅಪ್ಪಣೆ ಕೊಡಬೇಕು. ಈಗಿನ ರಾಜಕೀಯ ಸೀರಿಯಲ್‌ಗಳ ಕಥೆ ಬಹುಪಾಲು ಈ ಎರಡರೊಳಗೇ ಬಂದುಬಿಡುತ್ತದೆ ನೋಡಿ.

ವಾಲ್ಜರ್ ಹೇಳುವುದು ಏನಂದರೆ, ಆ ಕೆಲಸ ಮಾಡುವುದೇ ಸರಿ ಅಂತಾದಾಗಲೂ ಮಾಡಿದ್ದು ತಪ್ಪೇ ಆಗಿ ಉಳಿಯುತ್ತದೆ. ಹಾಗಾಗಿ ಮಾಡಿದವನಿಗೆ ಆ ಪಾಪದ ಭಾರ ಇರಬೇಕು. ಇದ್ದರೆ ಮಾತ್ರ ಅವನನ್ನು ನಂಬಬಹುದು. ಭಾರವೇ ಇಲ್ಲದವನು ಅಪಾಯಕಾರಿ. ಕೈಯನ್ನೇ ಕೊಳಕು ಮಾಡಿಕೊಳ್ಳದವನು ಆ ಕುರ್ಚಿಗೆ ಸಲ್ಲದವನು.

ಈ ಅಳತೆಯಲ್ಲಿ ನನಗೆ ಇಷ್ಟವಾದದ್ದು, ಅಮೆರಿಕದ ಅಧ್ಯಕ್ಷ ಮತ್ತು ಅವರ ಕಚೇರಿಯವರ ಕಥೆಯಾದ ‘ವೆಸ್ಟ್ ವಿಂಗ್’ ಮೊದಲ ಸೀಸನ್ನಿನ ಮರಣದಂಡನೆಯ ಎಪಿಸೋಡ್. 2000ದ ಫೆಬ್ರವರಿಯಲ್ಲಿ ಬಂದದ್ದು. ಕೈದಿಯ ಕೊನೇ ಮೇಲ್ಮನವಿ ಬಿದ್ದುಹೋಗಿದೆ. ಅವನನ್ನು ಉಳಿಸಬಲ್ಲವರು ಅಧ್ಯಕ್ಷ ಬಾರ್ಟ್‌ಲೆಟ್ ಒಬ್ಬರೇ. ಕೈಯಲ್ಲಿರುವುದು ಒಂದು ವಾರಾಂತ್ಯ ಮಾತ್ರ. ಆ ಎಪಿಸೋಡ್ ಪ್ರಸಾರವಾದಾಗ ಅಮೆರಿಕದ ಕೇಂದ್ರ ಸರ್ಕಾರ 1963ರಿಂದ ಈಚೆಗೆ ಯಾರಿಗೂ ಮರಣದಂಡನೆ ಜಾರಿ ಮಾಡಿರಲಿಲ್ಲ. ಮತ್ತೆ ಮಾಡಿದ್ದು 2001ರ ಜೂನ್‌ನಲ್ಲಿ. ಅಂದರೆ ನಿಜವಾದ ಅಧ್ಯಕ್ಷರಿಗೂ ಆ ಪ್ರಶ್ನೆ ಬಾಗಿಲ ಹತ್ತಿರವೇ ಇತ್ತು.

ಬಾರ್ಟ್‌ಲೆಟ್ ಕ್ಯಾಥೊಲಿಕ್. ಮನಸ್ಸು ಬೇಡ ಅನ್ನುತ್ತದೆ. ಆದರೆ ಜನ ಮರಣದಂಡನೆಯ ಪರ, ಕಾನೂನು ಇದೆ. ಅವರು ಕ್ಷಮಾದಾನ ಕೊಡುವುದಿಲ್ಲ. ಕೈದಿ ಸತ್ತ ಸುದ್ದಿ ಬಂದ ಮೇಲೆ ತಮ್ಮ ಹಳೆಯ ಪಾದ್ರಿಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುತ್ತಾರೆ. ಅಲ್ಲಿ ಬೇರೆ ಯಾರೂ ಬಂದು ಅವರನ್ನು ಪಾರು ಮಾಡಲಿಲ್ಲ. ಕ್ಷಮೆ ಕೊಡದೆ ಇರುವುದೂ ಅವರದ್ದೇ ನಿರ್ಧಾರ.

ನೇರಮಾತು

ಮೇಷ್ಟ್ರೇ, ನನಗೆ ಅದೇ ಎಪಿಸೋಡ್ ಸಿಟ್ಟು ತರಿಸುತ್ತದೆ. ಕೈದಿ ಸತ್ತ. ಬಾರ್ಟ್‌ಲೆಟ್‌ಗೆ ದುಃಖ ಆಯಿತು. ನಾವು ಬಾರ್ಟ್‌ಲೆಟ್ ಮುಖ ನೋಡಿ ಕಣ್ಣೀರು ಹಾಕಿದೆವು. ಕೈದಿಯ ಮುಖ ಎಷ್ಟು ಹೊತ್ತು ತೋರಿಸಿದರು? ಭಾರ ಹೊರುವುದು ಅಂದರೆ ಚೆನ್ನಾಗಿ ನಟಿಸಿದ ಒಂದು ದೃಶ್ಯ ಅಷ್ಟೇನಾ? ಮುಂದಿನ ವಾರ ಅದೇ ಬಾರ್ಟ್‌ಲೆಟ್ ನಗುತ್ತಾ ಓಡಾಡಿಕೊಂಡಿದ್ದರು.

ಇತಿಹಾಸದ ಮೇಷ್ಟ್ರು

ವಾರಕ್ಕೊಂದು ಎಪಿಸೋಡ್ ಬರುವ ಸೀರಿಯಲ್‌ಗೆ ಆ ಮಿತಿ ಇದ್ದೇ ಇರುತ್ತದೆ ಸರ್. ಆದರೆ ಅದೇ ಸೀರಿಯಲ್ ಮುಂದೆ ಆ ಮಿತಿಯನ್ನು ಮುರಿದಿದೆ. ಶರೀಫ್ ಪ್ರಕರಣ ನೆನಪಿದೆಯಾ? ಬಿಡುವಾದಾಗ ಬರೆಯುತ್ತೇನೆ.

ತೊಂಬತ್ತರ ಹುಡುಗ

‘ಹೌಸ್ ಆಫ್ ಕಾರ್ಡ್ಸ್’ ಯಾಕೆ ಯಾರೂ ಎತ್ತಲಿಲ್ಲ? ಬಿಬಿಸಿಯದ್ದು ಹೇಳುತ್ತಿದ್ದೇನೆ, 1990ರದ್ದು. ನಿಜ ಜೀವನದಲ್ಲಿ ಥ್ಯಾಚರ್ ಕುರ್ಚಿ ಬಿಟ್ಟ ಅದೇ ನವೆಂಬರ್‌ನಲ್ಲಿ ಅದು ಟಿವಿಯಲ್ಲಿ ಬರುತ್ತಿತ್ತು.

ಕಿಟಕಿ ಪಕ್ಕದವಳು

ಅದರ ನಾಯಕ, ರಾಜಕಾರಣಿ ಅರ್ಕರ್ಟ್‌ಗೆ ಸಂಕಟವೇ ಇಲ್ಲವಲ್ಲ. ಪತ್ರಕರ್ತೆಯನ್ನು ಪಾರ್ಲಿಮೆಂಟಿನ ಮಾಳಿಗೆಯಿಂದ ತಳ್ಳಿ ಸಾಯಿಸುವ ಮನುಷ್ಯ ಅವನು. ಸಂಕಟ ಏನಿದ್ದರೂ ನೋಡುವ ನಮ್ಮದು. ಅವನು ಕ್ಯಾಮೆರಾ ನೋಡಿ ನಮ್ಮ ಜೊತೆ ಮಾತಾಡುತ್ತಾನೆ. ನಾವು ಅವನ ಪಾಲುದಾರರಾಗುತ್ತೇವೆ. ಅದು ಬೇರೆಯದೇ ವಿಷಯ. ಪ್ರತ್ಯೇಕ ಚರ್ಚೆಯೇ ಬೇಕು.

ನಕ್ಷತ್ರದ ಕಡೆಗೆ

ಆಕಾಶನೌಕೆಯ ಕಥೆ ಇಲ್ಲೇಕೆ ಅನ್ನಬೇಡಿ. ನಾನು ನೋಡಿರುವುದರಲ್ಲೇ ಅತಿ ಗಟ್ಟಿಯಾದ ರಾಜಕೀಯ ಧರ್ಮಸಂಕಟ ಇರುವುದು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ದಲ್ಲಿ. 2009ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯೇ ಅದರ ಕಲಾವಿದರನ್ನು ನ್ಯೂಯಾರ್ಕಿಗೆ ಕರೆಸಿ ಮಾನವ ಹಕ್ಕು, ಭಯೋತ್ಪಾದನೆ ಬಗ್ಗೆ ಚರ್ಚೆ ನಡೆಸಿತು.

ಎರಡನೇ ಸೀಸನ್ನಿನ ಕೊನೆಗೆ ಬನ್ನಿ. ಮನುಷ್ಯಕುಲದಲ್ಲಿ ಉಳಿದಿರುವುದು ಸುಮಾರು 50 ಸಾವಿರ ಜನ, ಎಲ್ಲ ಹಡಗುಗಳಲ್ಲಿ. ಚುನಾವಣೆ ಬರುತ್ತದೆ. ಅಧ್ಯಕ್ಷೆ ಲಾರಾ ರಾಸ್ಲಿನ್ ಎದುರು ಬಾಲ್ಟರ್ ನಿಂತಿದ್ದಾನೆ. ಶತ್ರುಗಳಾದ ಸೈಲಾನ್‌ಗಳ ಜೊತೆ ಬಾಲ್ಟರ್‌ಗೆ ನಂಟಿತ್ತು ಅಂತ ರಾಸ್ಲಿನ್‌ಗೆ ಗೊತ್ತು. ಆದರೆ ತೋರಿಸಲು ಸಾಕ್ಷಿ ಇಲ್ಲ. ಜನ ಬಾಲ್ಟರ್‌ಗೇ ಮತ ಹಾಕುತ್ತಾರೆ. ಯಾಕೆಂದರೆ ಅಲೆದು ಸಾಕಾಗಿದೆ, ಅವನು ಒಂದು ಗ್ರಹದಲ್ಲಿ ನೆಲೆ ನಿಲ್ಲಿಸುತ್ತೇನೆ ಅಂದಿದ್ದಾನೆ.

ರಾಸ್ಲಿನ್ ಕಡೆಯವರು ಮತ ಕದಿಯುತ್ತಾರೆ. ಅವಳಿಗೆ ಗೊತ್ತಿದ್ದೇ ಕದಿಯುತ್ತಾರೆ. ಗೇಟಾ ಎಂಬ ಅಧಿಕಾರಿ ಲೆಕ್ಕದಲ್ಲಿ ಮೋಸ ಹಿಡಿಯುತ್ತಾನೆ. ಆಗ ಸೇನೆಯ ಮುಖ್ಯಸ್ಥ ಅಡಾಮಾ ಬಂದು ಅವಳನ್ನು ನೇರವಾಗಿ ಕೇಳುತ್ತಾನೆ. ಅವಳು ಒಪ್ಪಿಕೊಳ್ಳುತ್ತಾಳೆ. ಕುರ್ಚಿ ಬಿಡುತ್ತಾಳೆ. ಬಾಲ್ಟರ್ ಅಧ್ಯಕ್ಷನಾಗುತ್ತಾನೆ. ಒಂದು ವರ್ಷ ಕಳೆಯುವ ಹೊತ್ತಿಗೆ ಸೈಲಾನ್‌ಗಳು ಆ ಗ್ರಹಕ್ಕೇ ಬಂದು ಇಳಿಯುತ್ತವೆ. ಎಲ್ಲರೂ ಸೆರೆ. ಚಿತ್ರಹಿಂಸೆ, ಆತ್ಮಾಹುತಿ ದಾಳಿ, ಸಾವು.

ಕಿಟಕಿಯವರೇ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗಲ್ಲ. ಇಲ್ಲಿ ನಾಯಕಿಗೆ ಅನುಕೂಲ ಮಾಡಿಕೊಡಲು ಯಾರೂ ಇಲ್ಲ. ಅವಳು ಸರಿಯಾದದ್ದನ್ನೇ ಮಾಡಿದಳು. ಅದರಿಂದ ಸಾವಿರಾರು ಜನ ನರಳಿದರು. ಸೀರಿಯಲ್ ಎಲ್ಲೂ ಬಂದು ‘ನೋಡು, ಸತ್ಯಕ್ಕೆ ಜಯವಾಯಿತು’ ಅನ್ನುವುದಿಲ್ಲ. ‘ಮೋಸ ಮಾಡಿಬಿಡಬೇಕಿತ್ತು’ ಅಂತಲೂ ಅನ್ನುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅವಳು ಕುರ್ಚಿ ಬಿಟ್ಟದ್ದೇ ಸರಿ. ಮತಕ್ಕೆ ಬೆಲೆಯಿಲ್ಲದ ಮೇಲೆ ಅವಳು ಕಾಪಾಡುತ್ತಿರುವುದು ಏನನ್ನು? ಆದರೆ ಹಾಗೆ ಹೇಳುವಾಗ ಆ ಸತ್ತವರನ್ನು ನಾನು ಮರೆಯುವಂತಿಲ್ಲ. ಸೀರಿಯಲ್ ಮರೆಯಲು ಬಿಡುವುದೂ ಇಲ್ಲ.

ನೇರಮಾತು

ಒಳ್ಳೆಯ ಉದಾಹರಣೆ. ಆದರೂ ಒಂದು ಮಾತು. ಬಾಲ್ಟರ್ ನಿಜಕ್ಕೂ ತಪ್ಪಿತಸ್ಥ ಅಂತ ನಮಗೆ ಮೊದಲ ದಿನದಿಂದ ಗೊತ್ತು. ಕ್ಯಾಮೆರಾ ತೋರಿಸಿಬಿಟ್ಟಿದೆ. ಹಾಗಾಗಿ ರಾಸ್ಲಿನ್ ಮೋಸ ಮಾಡಿದಾಗ ನಾವು ಮನಸ್ಸಲ್ಲೇ ‘ಮಾಡು, ಮಾಡು’ ಅಂತೇವೆ. ನಿಜವಾದ ರಾಜಕೀಯದಲ್ಲಿ ಯಾರಿಗೂ ಹಾಗೆ ಗೊತ್ತಿರಲ್ಲ. ಎದುರಾಳಿ ದೇಶದ್ರೋಹಿ ಅಂತ ಪ್ರತಿಯೊಬ್ಬ ನಾಯಕನೂ ನಂಬಿರುತ್ತಾನೆ ಅಲ್ವಾ?

ಭಯೋತ್ಪಾದಕರನ್ನು ಬೆನ್ನಟ್ಟುವ ಅಮೆರಿಕದ ‘24’ ಸೀರಿಯಲ್ ಕೆಡಿಸಿದ್ದು ಇದೇ ಜಾಗದಲ್ಲಿ. ಬಾಂಬ್ ಇದೆ ಅಂತ ನಮಗೆ ಗೊತ್ತು. ಹಿಡಿದವನೇ ಇಟ್ಟವನು ಅಂತಲೂ ಗೊತ್ತು. ಹೊಡೆದರೆ ಬಾಯಿ ಬಿಡುತ್ತಾನೆ ಅಂತಲೂ ಗೊತ್ತು. ಮೂರೂ ಗೊತ್ತಿದ್ದ ಮೇಲೆ ಉಳಿದಿದ್ದೇನು? 2006ರ ನವೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್, ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್, ಆ ಸೀರಿಯಲ್ ಮಾಡುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿದರು. ಚಿತ್ರಹಿಂಸೆಯನ್ನು ಹೀಗೆ ತೋರಿಸುವುದರಿಂದ ತಮ್ಮ ಹುಡುಗರ ತಲೆ ಕೆಡುತ್ತಿದೆ ಅನ್ನುವುದು ಅವರ ಚಿಂತೆ. ಕಾನೂನು ಪಾಠ ಮಾಡುವ ಸೇನಾಧಿಕಾರಿಗೆ ಟಿವಿ ಪಾಠದ ಎದುರು ಹೋರಾಡಬೇಕಾಗಿ ಬಂತು.

ಅದಕ್ಕೇ ನನ್ನ ಅಳತೆ ಬೇರೆ. ಪಾತ್ರಕ್ಕೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತಿರಬೇಕು. ಅದಕ್ಕಿಂತ ಜಾಸ್ತಿ ತೋರಿಸಿದರೆ ನಾನು ನಿರ್ಧಾರ ಮಾಡುತ್ತಿಲ್ಲ, ಬರೆದವರು ಮೊದಲೇ ಮಾಡಿಟ್ಟಿರುವುದಕ್ಕೆ ತಲೆಯಾಡಿಸುತ್ತಿದ್ದೇನೆ ಅಷ್ಟೇ.

ನಕ್ಷತ್ರದ ಕಡೆಗೆ

ಇದು ಒಪ್ಪುವ ಮಾತು. ‘ಬ್ಯಾಟಲ್‌ಸ್ಟಾರ್’ನಲ್ಲೇ ನಿಮ್ಮ ಅಳತೆಗೆ ಸರಿಹೋಗುವುದು ‘33’ ಅನ್ನುವ ಎಪಿಸೋಡ್. ಪ್ರಯಾಣಿಕರ ಹಡಗೊಂದು ತಡವಾಗಿ ಬಂದು ಸೇರುತ್ತದೆ. ಅದರ ಮೂಲಕವೇ ಶತ್ರು ಬೆನ್ನಟ್ಟುತ್ತಿದ್ದಾನೆ ಅನ್ನುವ ಅನುಮಾನ. ಒಳಗೆ ಜನ ಇದ್ದಾರಾ ಇಲ್ಲವಾ ಖಚಿತವಿಲ್ಲ. ರಾಸ್ಲಿನ್ ಹೊಡೆದುರುಳಿಸಲು ಅಪ್ಪಣೆ ಕೊಡುತ್ತಾಳೆ. ಅವಳಿಗೆ ಗೊತ್ತಿಲ್ಲ, ಗುಂಡು ಹಾರಿಸುವ ಪೈಲಟ್‌ಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಕಡತ ನೋಡುವವ

ನಾನು ಕಚೇರಿ ಕೆಲಸದಲ್ಲಿ ತುಂಬಾ ವರ್ಷ ಇದ್ದವನು. ಬಾಂಬು, ಹಡಗು, ಕೊಲೆ ಇವೆಲ್ಲ ನನಗೆ ದೂರದ ಮಾತು. ಅಧಿಕಾರದಲ್ಲಿ ಸಂಕಟ ಬರುವುದು ಒಂದು ಪತ್ರದ ರೂಪದಲ್ಲಿ. ಇದನ್ನು ಸರಿಯಾಗಿ ಹಿಡಿದದ್ದು ನಗಿಸುವ ಸೀರಿಯಲ್ ‘ಯೆಸ್ ಮಿನಿಸ್ಟರ್’.

1982ರಲ್ಲಿ ಬಂದ ಒಂದು ಎಪಿಸೋಡ್. ಬ್ರಿಟನ್ನಿನಲ್ಲೇ ತಯಾರಾದ ಶಸ್ತ್ರಾಸ್ತ್ರ ಇಟಲಿಯ ಭಯೋತ್ಪಾದಕರಿಗೆ ಹೋಗುತ್ತಿದೆ ಅಂತ ಸೇನಾಧಿಕಾರಿಯೊಬ್ಬ ಬಂದು ಮಂತ್ರಿ ಹ್ಯಾಕರ್‌ಗೆ ಹೇಳುತ್ತಾನೆ. ಹ್ಯಾಕರ್‌ಗೆ ನಿಜಕ್ಕೂ ಕೋಪ ಬರುತ್ತದೆ. ಪ್ರಧಾನಿಗೆ ಹೇಳಲೇಬೇಕು ಅಂತ ಹೊರಡುತ್ತಾನೆ. ಕಾರ್ಯದರ್ಶಿ ಹಂಫ್ರಿ ಬೇಡ ಅನ್ನುತ್ತಾನೆ. ಸರ್ಕಾರಕ್ಕೆ ಒಳ್ಳೆಯದು ಕೆಟ್ಟದ್ದು ಅನ್ನುವ ವಿಚಾರ ಸಂಬಂಧಿಸಿದ್ದೇ ಅಲ್ಲ ಅನ್ನುವುದು ಅವನ ವಾದ. ಕೊನೆಗೆ ದಾರಿ ಹುಡುಕುತ್ತಾರೆ. ಓದಿದರೂ ಅರ್ಥವಾಗದಂಥ ಪತ್ರ ಬರೆಯುವುದು, ಪ್ರಧಾನಿ ವಿದೇಶಕ್ಕೆ ಹೊರಡುವ ಹೊತ್ತಿಗೆ ಅದು ತಲುಪುವಂತೆ ಮಾಡುವುದು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಆಮೇಲೆ ಹ್ಯಾಕರ್ ಮನೆಯಲ್ಲಿ ಕುಡಿದು ಕೂತಿರುವ ದೃಶ್ಯ ಇದೆಯಲ್ಲ, ಅಲ್ಲಿ ನನಗೆ ನಗು ಬರಲ್ಲ. ಅವನು ಕೆಟ್ಟವನಲ್ಲ. ಒಂದು ದೊಡ್ಡ ತಪ್ಪನ್ನೂ ಮಾಡಲಿಲ್ಲ. ಸಣ್ಣ ಸಣ್ಣದಾಗಿ ಹಿಂದೆ ಸರಿದ. ಬಾರ್ಟ್‌ಲೆಟ್ ಮಂಡಿಯೂರಿದ್ದಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡಿದೆ.

ಉತ್ತರ ದಿಕ್ಕು

ಸಣ್ಣದಾಗಿ ಹಿಂದೆ ಸರಿಯುವುದೇ ಇಡೀ ಕಥೆಯಾಗಿರುವುದು ನಾರ್ವೆಯ ‘ಆಕ್ಯುಪೈಡ್’ನಲ್ಲಿ. 2015ರದ್ದು. ಪ್ರಧಾನಿ ಯೆಸ್ಪರ್ ಬರ್ಗ್ ಪರಿಸರ ಉಳಿಸಲು ತೈಲ ಮತ್ತು ಅನಿಲ ತೆಗೆಯುವುದನ್ನು ನಿಲ್ಲಿಸುತ್ತಾನೆ. ಯುರೋಪಿಗೆ ಅದು ಬೇಕೇ ಬೇಕು. ಯುರೋಪಿನ ಒಪ್ಪಿಗೆ ಪಡೆದೇ ರಷ್ಯಾ ಬಂದು ಕೂರುತ್ತದೆ. ಗುಂಡು ಹಾರದ ಆಕ್ರಮಣ. ಈ ಕಥೆ ಬಂದಾಗ ನಾರ್ವೆಯಲ್ಲಿದ್ದ ರಷ್ಯಾದ ರಾಯಭಾರಿ ಬಹಿರಂಗವಾಗಿಯೇ ಬೇಸರ ಹೇಳಿದ್ದರು.

ಬರ್ಗ್ ಪ್ರತಿಸಲ ಲೆಕ್ಕ ಹಾಕುತ್ತಾನೆ. ಇದೊಂದು ಒಪ್ಪಿಕೊಂಡರೆ ಯುದ್ಧ ತಪ್ಪುತ್ತದೆ. ಆ ಲೆಕ್ಕ ಪ್ರತಿಸಲವೂ ಸರಿಯಾಗಿಯೇ ಇರುತ್ತದೆ. ಒಬ್ಬ ಸೈನಿಕನೂ ಸಾಯದಿರಲಿ ಅನ್ನುವುದು ತಪ್ಪು ಆಸೆಯಾ? ಎಲ್ಲಿ ನಿಲ್ಲಿಸಬೇಕಿತ್ತು ಅಂತ ಯಾರಾದರೂ ಕೇಳಿದರೆ ನನಗೆ ಒಂದು ಎಪಿಸೋಡ್ ಬೆಟ್ಟು ಮಾಡಿ ತೋರಿಸಲು ಆಗುವುದಿಲ್ಲ. ನೇರಮಾತು ಅವರ ಅಳತೆಗೂ ಇದು ಸರಿಹೋಗುತ್ತದೆ. ಮುಂದೇನಾಗುತ್ತದೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇಬ್ಬರು ಮಕ್ಕಳ ತಾಯಿ

ಎಲ್ಲರೂ ದೇಶ, ಯುದ್ಧ ಅಂತಿದ್ದೀರಿ. ‘ಬೋರ್ಗನ್’ ಎರಡನೇ ಸೀಸನ್ನಿನಲ್ಲಿ ಮಗಳು ಲಾರಾಗೆ ಆತಂಕದ ಕಾಯಿಲೆ ಬರುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆಗೆ ತುಂಬಾ ದಿನ ಕಾಯಬೇಕು. ಖಾಸಗಿ ಕ್ಲಿನಿಕ್‌ನಲ್ಲಿ ತಕ್ಷಣ ಜಾಗ ಸಿಗುತ್ತದೆ. ಅದೇ ಹೊತ್ತಿಗೆ ಅಮ್ಮನ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಸಿಗುವ ಅನುಕೂಲ ಕಡಿಮೆ ಮಾಡಲು ಹೊರಟಿದೆ. ಅವಳು ಮಗಳನ್ನು ಖಾಸಗಿಗೇ ಸೇರಿಸುತ್ತಾಳೆ. ಕ್ಯಾಮೆರಾಗಳು ಕ್ಲಿನಿಕ್ ಬಾಗಿಲಿಗೆ ಬರುತ್ತವೆ. ಕೊನೆಗೆ ಬಿರ್ಗಿಟ್ಟೆ ಪ್ರಧಾನಿ ಕೆಲಸದಿಂದ ರಜೆ ತೆಗೆದುಕೊಳ್ಳುತ್ತಾಳೆ.

ನಾನೂ ಅದನ್ನೇ ಮಾಡುತ್ತಿದ್ದೆ. ಯಾವ ತಾಯಿಯೂ ಮಾಡುತ್ತಾಳೆ. ಆದರೆ ಕಾಯುವ ಸಾಲಿನಲ್ಲಿ ಉಳಿದ ಮಕ್ಕಳ ತಾಯಂದಿರಿಗೆ ಏನು ಹೇಳುವುದು? ಆ ಸೀರಿಯಲ್ ಆ ತಾಯಂದಿರಲ್ಲಿ ಒಬ್ಬಳನ್ನಾದರೂ ಅವಳ ಎದುರು ತಂದು ಕೂರಿಸಬೇಕಿತ್ತು. ಟಿವಿಯವರ ಕಾಟ ತೋರಿಸಿ ನಮ್ಮ ಮರುಕವನ್ನೆಲ್ಲ ಬಿರ್ಗಿಟ್ಟೆ ಕಡೆಗೇ ತಿರುಗಿಸಿದರು.

ಕಿಟಕಿ ಪಕ್ಕದವಳು

ನಾನು ಹೇಳಲು ಹೊರಟಿದ್ದನ್ನು ನೀವು ನನಗಿಂತ ಚೆನ್ನಾಗಿ ಹೇಳಿದಿರಿ. ನಿರ್ಧಾರ ತೆಗೆದುಕೊಂಡವರ ಮುಖ ಮಾತ್ರ ಕಾಣುತ್ತದೆ. ಅದರಿಂದ ಪೆಟ್ಟು ತಿಂದವರು ಪರದೆಯ ಆಚೆ ಇರುತ್ತಾರೆ. ಮೇಷ್ಟ್ರೇ, ಶರೀಫ್ ಬಗ್ಗೆ ಬರೆಯುತ್ತೇನೆ ಅಂದಿದ್ದಿರಿ.

ಇತಿಹಾಸದ ಮೇಷ್ಟ್ರು

ಬರೆಯುತ್ತೇನೆ. ಅಬ್ದುಲ್ ಶರೀಫ್, ಖುಮಾರ್ ಅನ್ನುವ ಕಾಲ್ಪನಿಕ ದೇಶದ ರಕ್ಷಣಾ ಮಂತ್ರಿ. ಅಮೆರಿಕದ ಮೇಲೆ ದಾಳಿಗೆ ಸಂಚು ಮಾಡುತ್ತಿದ್ದಾನೆ. ಕೋರ್ಟಿಗೆ ಎಳೆಯುವ ಹಾಗಿಲ್ಲ. ಅವನನ್ನು ಗುಟ್ಟಾಗಿ ಕೊಲ್ಲಬೇಕು ಅನ್ನುತ್ತಾರೆ ಸಲಹೆಗಾರರು. ಅಮೆರಿಕದಲ್ಲಿ ರಾಜಕೀಯ ಹತ್ಯೆಗೆ 1976ರಲ್ಲೇ ಅಧ್ಯಕ್ಷ ಫೋರ್ಡ್ ಆದೇಶದಿಂದ ನಿಷೇಧ ಬಿದ್ದಿದೆ. ಬಾರ್ಟ್‌ಲೆಟ್ ತುಂಬಾ ಹೊತ್ತು ವಾದ ಮಾಡಿ ಕೊನೆಗೆ ಹೂಂ ಅನ್ನುತ್ತಾರೆ. 2002ರ ಮೇನಲ್ಲಿ ಬಂದ ಎಪಿಸೋಡಿನಲ್ಲಿ ಶರೀಫ್ ಕೊಲೆಯಾಗುತ್ತದೆ. ವಿಮಾನ ಕಾಣೆಯಾಯಿತು ಅಂತ ನಂಬಿಸುತ್ತಾರೆ.

ಬಿಲ್ ಬರುವುದು ಮುಂದಿನ ಸೀಸನ್ನಿನಲ್ಲಿ. ಖುಮಾರ್ ದೇಶ ಇಸ್ರೇಲ್ ಮೇಲೆ ಅನುಮಾನ ಪಡುತ್ತದೆ. ಇಸ್ರೇಲಿನ ವಿದೇಶಾಂಗ ಮಂತ್ರಿಯ ವಿಮಾನವನ್ನು ಹೊಡೆದುರುಳಿಸಲಾಗುತ್ತದೆ. ಬಾರ್ಟ್‌ಲೆಟ್‌ಗೆ ಅವನು ಸ್ನೇಹಿತ. ಏನೂ ಮಾಡದ ಮನುಷ್ಯ. ಸೀಸನ್ ಮುಗಿಯುವಾಗ ಬಾರ್ಟ್‌ಲೆಟ್ ಮಗಳು ಜೋಯಿಯ ಅಪಹರಣವಾಗುತ್ತದೆ. ತಂದೆಯಾಗಿ ಯೋಚಿಸುವವನು ಅಧ್ಯಕ್ಷನಾಗಿ ಕೂರಬಾರದು ಅಂತ ಅವರು ಸಂವಿಧಾನದ 25ನೇ ತಿದ್ದುಪಡಿಯಂತೆ ಅಧಿಕಾರ ಬಿಟ್ಟುಕೊಡುತ್ತಾರೆ. ಉಪಾಧ್ಯಕ್ಷನ ಜಾಗ ಖಾಲಿ ಇದ್ದದ್ದರಿಂದ ಅದು ವಿರೋಧ ಪಕ್ಷದ ಸ್ಪೀಕರ್ ಕೈಗೆ ಹೋಗುತ್ತದೆ. ಒಂದು ‘ಹೂಂ’ ಒಂದು ವರ್ಷ ಕಥೆಯನ್ನು ಬೆನ್ನಟ್ಟಿತು. ನೇರಮಾತು ಅವರಿಗೆ ನಾನು ಕೊಡಬೇಕಿದ್ದ ಉತ್ತರ ಇದು.

ನೇರಮಾತು

ಒಪ್ಪಿದೆ ಮೇಷ್ಟ್ರೇ. ಆದರೂ ಕಾನೂನಿನ ಎದುರು ಬಾರ್ಟ್‌ಲೆಟ್‌ಗೆ ಏನಾಯಿತು? ಏನೂ ಆಗಲಿಲ್ಲ. ಈಗ ಅವರದೇ ಕಚೇರಿಯ ಸಂವಹನ ನಿರ್ದೇಶಕ ಟೋಬಿಯನ್ನು ಪಕ್ಕದಲ್ಲಿಟ್ಟು ನೋಡಿ.

ಬಾಹ್ಯಾಕಾಶ ನಿಲ್ದಾಣದಲ್ಲಿ ಗಾಳಿ ಸೋರುತ್ತಿದೆ, ಯಾತ್ರಿಗಳು ಸಿಕ್ಕಿಬಿದ್ದಿದ್ದಾರೆ. ಅವರನ್ನು ತರಬಲ್ಲದ್ದು ಸೇನೆಯ ಒಂದು ಗುಪ್ತ ನೌಕೆ ಮಾತ್ರ. ಅದಿದೆ ಅಂತ ಒಪ್ಪಿಕೊಳ್ಳಲು ಸರ್ಕಾರ ಹಿಂದೆಮುಂದೆ ನೋಡುತ್ತದೆ. ಟೋಬಿ ಪತ್ರಕರ್ತನಿಗೆ ಹೇಳಿಬಿಡುತ್ತಾನೆ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಬಾಹ್ಯಾಕಾಶ ಯಾತ್ರಿಯೇ ಆಗಿದ್ದು ಆತ್ಮಹತ್ಯೆ ಮಾಡಿಕೊಂಡವನು, ಆ ಗಾಯ ಇನ್ನೂ ಹಸಿ. ಯಾತ್ರಿಗಳು ಉಳಿಯುತ್ತಾರೆ. ಟೋಬಿ ತಾನೇ ಬಂದು ಒಪ್ಪಿಕೊಳ್ಳುತ್ತಾನೆ. ಬಾರ್ಟ್‌ಲೆಟ್ ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಜೈಲಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಬಾರ್ಟ್‌ಲೆಟ್ ಮೊದಲ ಚುನಾವಣೆಯಲ್ಲಿ ತಮ್ಮ ಕಾಯಿಲೆಯನ್ನು ಮತದಾರರಿಂದ ಮುಚ್ಚಿಟ್ಟರು. ಅದಕ್ಕೆ ಸಿಕ್ಕಿದ್ದು ಕಾಂಗ್ರೆಸ್ಸಿನ ಒಂದು ಖಂಡನಾ ನಿರ್ಣಯ. ಗುಟ್ಟಾಗಿ ಒಬ್ಬನನ್ನು ಕೊಲ್ಲಿಸಿದರು. ಅದಕ್ಕೆ ಶಿಕ್ಷೆಯೇ ಇಲ್ಲ. ಜೀವ ಉಳಿಸಲು ಗುಟ್ಟು ಬಿಟ್ಟವನು ಮಾತ್ರ ಜೈಲು ಕಾಣಬೇಕಾಯಿತು.

ಹಳೇ ಆಂಟೆನಾ

2006ರ ಕೊನೇ ಎಪಿಸೋಡಿನಲ್ಲಿ ಟೋಬಿಗೆ ಕ್ಷಮಾದಾನ ಕೊಟ್ಟರಲ್ಲ ಸರ್. ಅಧಿಕಾರದ ಕೊನೇ ದಿನ ಸಹಿ ಹಾಕಿದ್ದು. ಕೈ ಎಷ್ಟು ತಡೆಯಿತು ಅಂತ ಆ ದೃಶ್ಯ ನೋಡಿದರೆ ಗೊತ್ತಾಗುತ್ತದೆ.

ಕಡತ ನೋಡುವವ

ಕ್ಷಮಾದಾನ ಕೊಟ್ಟದ್ದು ಗೆಳೆಯನಿಗೆ. ಮೊದಲ ಸೀಸನ್ನಿನ ಆ ಕೈದಿಯ ಕಡತವೂ ಇದೇ ಮೇಜಿನ ಮೇಲೆ ಇತ್ತು. ಟೋಬಿ ತಪ್ಪು ಮಾಡಿದ, ಶಿಕ್ಷೆ ಆಗಬೇಕಿತ್ತು ಅನ್ನುವವನು ನಾನು. ಗುಟ್ಟು ಕಾಯುವ ಕೆಲಸಕ್ಕೆ ಸೇರಿದವನು ಯಾವ ಗುಟ್ಟು ಕಾಯಬೇಕು ಅಂತ ತಾನೇ ಆರಿಸಿಕೊಳ್ಳುವ ಹಾಗಿಲ್ಲ. ಆದರೆ ಅವನನ್ನು ಕ್ಷಮಿಸುವುದಾದರೆ ಪರಿಚಯವಿಲ್ಲದವನಿಗೂ ಅದೇ ಅಳತೆ ಇರಬೇಕಿತ್ತು.

ಇಬ್ಬರು ಮಕ್ಕಳ ತಾಯಿ

ಕಡತದವರೇ, ಶಿಕ್ಷೆ ಆಗಲಿ ಅನ್ನುವುದನ್ನು ಟೋಬಿಯೂ ಒಪ್ಪಿದ್ದ. ಅದಕ್ಕೇ ತಾನಾಗಿ ಬಂದು ಹೇಳಿದ. ಈ ಇಡೀ ಚರ್ಚೆಯಲ್ಲಿ ಬಂದ ಪಾತ್ರಗಳಲ್ಲಿ, ತನ್ನ ನಿರ್ಧಾರದ ಬೆಲೆಯನ್ನು ಬೇರೆ ಯಾರ ಮೇಲೂ ಹಾಕದವನು ಅವನೊಬ್ಬನೇ ಅಂತ ನನಗೆ ಅನ್ನಿಸುತ್ತದೆ.

ಕಡತ ನೋಡುವವ

ಪೂರ್ತಿ ಹಾಗೂ ಅನ್ನುವಂತಿಲ್ಲ ಮೇಡಂ. ಅವನು ಬಾಯಿ ಬಿಡುವವರೆಗೆ ಅನುಮಾನ ಇದ್ದದ್ದು ಬಾರ್ಟ್‌ಲೆಟ್ ಕಚೇರಿಯ ಮುಖ್ಯಸ್ಥೆ ಸಿ.ಜೆ. ಮೇಲೆ. ತನಿಖೆಯವರ ಪ್ರಶ್ನೆಗಳನ್ನೆಲ್ಲ ಅವಳು ಎದುರಿಸಬೇಕಾಯಿತು. ಗೊತ್ತಿದ್ದೂ ಟೋಬಿ ಸ್ವಲ್ಪ ಕಾಲ ಸುಮ್ಮನಿದ್ದ.